ಸಾಕೆಟ್ ತಿಳಿಯದೆ ಪ್ರೊಸೆಸರ್ ಕೊಂಡರೆ ನಷ್ಟ ಯಾರಿಗೆ?

ಮಂಡ್ಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದೇ ವರ್ಷದ ಅಂತ್ಯದ ವೇಳೆಗೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ವಿಶ್ವದಾದ್ಯಂತ ಏರಿತು. ಈ ಎರಡರ ನಡುವೆ ಸಿಲುಕಿದವರು, ಇರುವ ಕಂಪ್ಯೂಟರನ್ನೇ ಸುಧಾರಿಸಿಕೊಂಡು ಹೊಸ ಗೇಮ್‌ಗಳನ್ನು ಆಡಬಯಸುವ ಮಧ್ಯಮ ವರ್ಗದ ಯುವಜನರು.

ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಅಂಗಡಿಗಳು ಹತ್ತಿರ. ಕೆ.ಆರ್. ಪೇಟೆ ಮತ್ತು ನಾಗಮಂಗಲದವರ ಪಾಲಿಗೆ ಮೈಸೂರಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ಒಂದು ದಿನದ ಕೆಲಸ. ತಂದ ಪ್ರೊಸೆಸರ್ ಮದರ್‌ಬೋರ್ಡಿಗೆ ಹೊಂದದಿದ್ದರೆ ಬಸ್ ಖರ್ಚಿನೊಂದಿಗೆ ಮತ್ತೊಂದು ದಿನವೂ ವ್ಯರ್ಥ. ಆದ್ದರಿಂದ ಸಾಕೆಟ್ ಎಂಬ ತಾಂತ್ರಿಕ ವಿವರ ಇಲ್ಲಿ ಮನೆಯ ಆಯವ್ಯಯದ ಪ್ರಶ್ನೆಯೂ ಹೌದು.

ಪಿನ್ ಹೊಂದಿದರೆ ಸಾಲದು

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಇಂಟೆಲ್ ಸಾಕೆಟ್‌ಗಳ ಹೆಸರಿನಲ್ಲಿರುವ ಅಂಕಿ ಸಂಪರ್ಕ ಬಿಂದುಗಳ ಸಂಖ್ಯೆಯನ್ನು ಸೂಚಿಸುತ್ತದೆ. ಆದರೆ ಸಂಖ್ಯೆ ಒಂದೇ ಆದ ಮಾತ್ರಕ್ಕೆ ಹೊಂದಾಣಿಕೆ ಖಚಿತವಲ್ಲ. 2015ರಲ್ಲಿ ಆರನೇ ಪೀಳಿಗೆಯೊಂದಿಗೆ ಬಂದ ಎಲ್‌ಜಿಎ 1151 ಸಾಕೆಟ್ಟನ್ನು 2017ರ ಎಂಟನೇ ಪೀಳಿಗೆಗೂ ಇಂಟೆಲ್ ಉಳಿಸಿಕೊಂಡಿತು. ಆದರೂ 100 ಮತ್ತು 200 ಸರಣಿಯ ಹಳೆಯ ಮದರ್‌ಬೋರ್ಡ್‌ಗಳಿಗೆ ಆ ಪ್ರೊಸೆಸರ್‌ಗಳ ಬೆಂಬಲ ದೊರೆಯಲಿಲ್ಲ. 300 ಸರಣಿಯ ಬೋರ್ಡ್ ಅನಿವಾರ್ಯವಾಯಿತು. 2020ರಲ್ಲಿ ಎಲ್‌ಜಿಎ 1200, 2021ರಲ್ಲಿ ಎಲ್‌ಜಿಎ 1700, 2024ರಲ್ಲಿ ಎಲ್‌ಜಿಎ 1851 ಬಂದವು. ಹತ್ತು ವರ್ಷದೊಳಗೆ ನಾಲ್ಕು ಬಾರಿ ಬೋರ್ಡ್ ಬದಲಾವಣೆಯ ಹೊರೆ ಗ್ರಾಹಕನ ಮೇಲೆ ಬಿದ್ದಿತು.

ವಿಂಡೋಸ್ 11ರ ಅಧಿಕೃತ ಪಟ್ಟಿ ಮುಖ್ಯವಾಗಿ ಆರಂಭವಾಗುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ. ಹೀಗಾಗಿ ಆರು, ಏಳನೇ ಪೀಳಿಗೆಯ ಕಂಪ್ಯೂಟರ್ ಉಳ್ಳವರಿಗೆ ಬರೀ ಪ್ರೊಸೆಸರ್ ಬದಲಿಸುವ ದಾರಿ ಬಹುತೇಕ ಮುಚ್ಚಿದೆ.

ಎಎಂಡಿ ಕಂಪನಿಯ ಹಾದಿ ಭಿನ್ನ. 2017ರಲ್ಲಿ ರೈಜೆನ್ ಜೊತೆ ಜನಪ್ರಿಯವಾದ ಎಎಂ4 ಸಾಕೆಟ್‌ಗೆ 2022ರಲ್ಲಿಯೂ ರೈಜೆನ್ 7 5800ಎಕ್ಸ್3ಡಿ ಎಂಬ ಗೇಮಿಂಗ್ ಪ್ರೊಸೆಸರ್ ಬಂದಿತು. 300 ಸರಣಿಯ ಆರಂಭಿಕ ಬೋರ್ಡ್‌ಗಳಿಗೂ ರೈಜೆನ್ 5000 ಬೆಂಬಲಕ್ಕೆ ಕಂಪನಿ ಅದೇ ವರ್ಷ ಹಾದಿ ತೆರೆಯಿತು. ಆದರೆ ಮೊದಲು ಬಯಾಸ್ ನವೀಕರಿಸಬೇಕು. ಅದಕ್ಕೆ ಸಾಮಾನ್ಯವಾಗಿ ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರಲೇಬೇಕು. ಹಳೆಯದನ್ನು ಮಾರಿ ಆ ಹಣದಲ್ಲಿ ಹೊಸದನ್ನು ತಂದವರು ಸಿಕ್ಕಿಕೊಳ್ಳುವುದು ಇಲ್ಲಿಯೇ: ಕಂಪ್ಯೂಟರ್ ಚಾಲೂ ಆಗದೆ ನವೀಕರಣವಿಲ್ಲ, ನವೀಕರಣವಿಲ್ಲದೆ ಕಂಪ್ಯೂಟರ್ ಚಾಲೂ ಆಗದು.

ಮೆಮೊರಿಯ ಲೆಕ್ಕ

2022ರಲ್ಲಿ ಬಂದ ಎಎಂ5 ಡಿಡಿಆರ್5 ಮೆಮೊರಿಯನ್ನು ಮಾತ್ರ ಸ್ವೀಕರಿಸುತ್ತದೆ. ಎಲ್‌ಜಿಎ 1851 ಸಹ ಅಷ್ಟೆ. ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡ್‌ಗಳೂ ಉಂಟು, ಡಿಡಿಆರ್5 ಬೋರ್ಡ್‌ಗಳೂ ಉಂಟು. ಹೊಸ ಸಾಕೆಟ್‌ಗೆ ಹೋಗುವುದೆಂದರೆ ಪ್ರೊಸೆಸರ್, ಬೋರ್ಡ್, ಮೆಮೊರಿ ಮೂರನ್ನೂ ಕೊಳ್ಳುವುದು ಎಂದೇ ಬಹುಪಾಲು ಅರ್ಥ. ಮೆಮೊರಿ ತಯಾರಕ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವಹಿವಾಟಿನಿಂದ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿದ್ದು ಮಾರುಕಟ್ಟೆಯ ದಿಕ್ಕನ್ನು ತೋರಿಸುತ್ತದೆ.

ಈ ಸನ್ನಿವೇಶದಲ್ಲಿ ಎಎಂ4 ಬೋರ್ಡ್ ಮತ್ತು ಡಿಡಿಆರ್4 ಮೆಮೊರಿ ಉಳ್ಳವರು ಪ್ರೊಸೆಸರನ್ನಷ್ಟೇ ಬದಲಿಸುವುದು ಮಿತವ್ಯಯದ ಮಾರ್ಗ. ಎಲ್ಲವನ್ನೂ ಹೊಸದಾಗಿ ಕೊಳ್ಳಲೇಬೇಕಾದವರಿಗೆ ಎಎಂ5 ಪರ ಒಂದು ವಾದವಿದೆ: 2027 ಮತ್ತು ಅದರಾಚೆಗೂ ಅದನ್ನು ಬೆಂಬಲಿಸುವುದಾಗಿ ಎಎಂಡಿ 2024ರಲ್ಲಿ ಹೇಳಿದೆ. ಇನ್ನು ಗೇಮ್ ನಿಧಾನವಾಗಲು ಗ್ರಾಫಿಕ್ಸ್ ಕಾರ್ಡೇ ಕಾರಣವಾಗಿದ್ದಲ್ಲಿ ಪ್ರೊಸೆಸರ್ ಬದಲಾವಣೆಯಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದೂ ಗಮನಾರ್ಹ.

ಕಾನೂನಿನ ರಕ್ಷಣೆ ಎಷ್ಟು?

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ–2019, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಬೆಂಗಳೂರಿನಲ್ಲಿ ಖರೀದಿಸಿದ ನಾಗಮಂಗಲದ ನಿವಾಸಿ ಮಂಡ್ಯ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, ದೋಷಯುಕ್ತ ಸರಕನ್ನು 30 ದಿನದೊಳಗೆ ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ.

ಆದರೆ ತೊಡಕಿರುವುದು ‘ದೋಷಯುಕ್ತ’ ಎಂಬ ಪದದಲ್ಲಿ. ಬೇರೆ ಸಾಕೆಟ್‌ನ ಪ್ರೊಸೆಸರ್ ತಾನಾಗಿ ದೋಷಯುಕ್ತವಲ್ಲ. ಅದು ಸರಿಯಾಗಿಯೇ ಇದೆ, ಹೊಂದುವುದಿಲ್ಲ ಅಷ್ಟೆ. ‘ಇದು ನಿಮ್ಮ ಬೋರ್ಡಿಗೆ ಹೊಂದುತ್ತದೆ’ ಎಂದು ಮಾರಾಟಗಾರ ಬಾಯಿಮಾತಿನಲ್ಲಿ ಹೇಳಿದ್ದನ್ನು ಸಾಬೀತುಪಡಿಸುವುದು ಕಷ್ಟ. ಬೋರ್ಡಿನ ಪೂರ್ಣ ಮಾದರಿ ಹೆಸರು ಮತ್ತು ಹೊಂದಾಣಿಕೆಯ ಭರವಸೆಯನ್ನು ಬಿಲ್ಲಿನಲ್ಲಿಯೇ ಬರೆಸಿಕೊಂಡರೆ ಗ್ರಾಹಕನ ವಾದಕ್ಕೆ ಬಲ ಬರುತ್ತದೆ. ಅದಕ್ಕೂ ಮೊದಲು ಬೋರ್ಡ್ ತಯಾರಕರ ಜಾಲತಾಣದಲ್ಲಿರುವ ಪ್ರೊಸೆಸರ್ ಪಟ್ಟಿಯನ್ನು ಬಯಾಸ್ ಆವೃತ್ತಿಯ ಸಹಿತ ಪರಿಶೀಲಿಸುವುದು ಕ್ಷೇಮ.

ವಿಪರ್ಯಾಸವೆಂದರೆ, ಆ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿವೆ. 2008ರಲ್ಲಿ ಬಿಡುಗಡೆಯಾದ ಇಂಟೆಲ್‌ನ ಆರು ಕೋರ್‌ಗಳ ಕ್ಸಿಯಾನ್ ಪ್ರೊಸೆಸರ್ ಬೆಂಗಳೂರಿನಲ್ಲಿ ವಿನ್ಯಾಸಗೊಂಡಿತ್ತು. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಅದೇ ನಗರದಲ್ಲಿ ಆರಂಭಿಸಿತು. ಚಿಪ್ ರೂಪಿಸುವ ನಾಡಿನಲ್ಲಿಯೇ ಅದನ್ನು ಕೊಳ್ಳುವವನಿಗೆ ಬೇಕಾದ ನಾಲ್ಕು ಸಾಲಿನ ಮಾಹಿತಿ ಕನ್ನಡದಲ್ಲಿ ದೊರೆಯುತ್ತಿಲ್ಲ. ಪೆಟ್ಟಿಗೆಯ ಮೇಲೆ ಸಾಕೆಟ್, ಮೆಮೊರಿ ಬಗೆ ಮತ್ತು ಬಯಾಸ್ ಅಗತ್ಯವನ್ನು ಕನ್ನಡದಲ್ಲಿ ಅಚ್ಚು ಹಾಕುವುದು ಕಂಪನಿಗಳಿಗೆ ದೊಡ್ಡ ಹೊರೆಯಲ್ಲ. ಅಲ್ಲಿಯವರೆಗೆ ಎಚ್ಚರಿಕೆಯ ಭಾರವನ್ನು ಗ್ರಾಹಕನೇ ಹೊರಬೇಕಾಗಿದೆ.