ಟಿಕೆಟ್ ಇಲ್ಲ, ಬಿಡುವೂ ಇಲ್ಲ



ಕಣಗಲಾದಂಥ ಊರಿನ ಬಡ ಹುಡುಗಿಗೆ ಹೈಸ್ಕೂಲು ಎಷ್ಟು ದೂರ? ಕಿಲೋಮೀಟರ್ ಲೆಕ್ಕ ಹಾಕಬೇಡಿ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡತೊಡಗಿತು. ಕೊರೊನಾ ಕಾಲಕ್ಕೆ ಅದು ನಿಂತಿತು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಿಪ್ಪಾಣಿಗೋ ಸಂಕೇಶ್ವರಕ್ಕೋ ಹೋಗಿಬರಬಹುದು. ಸಂತೋಷವೇ. ಆದರೆ ನಿಪ್ಪಾಣಿ ಸೀಮೆಯಲ್ಲಿ ತಂಬಾಕು, ಬೀಡಿಯ ಕೆಲಸ ನಿಂತಿರುವುದು ಮಹಿಳೆಯರ ಕೈಬಲದಿಂದ. ತಾಯಿಯ ಬೀಡಿ ಎಣಿಕೆ ತುಂಬದ ದಿನ ಮೊರ ಮಗಳ ಮಡಿಲಿಗೆ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಾಯುವುದೂ ಹದಿನಾಲ್ಕು ವರ್ಷದವರೆಗೆ ಮಾತ್ರ! ತಾಯಿಯನ್ನು ದೂರಬೇಡಿ. ಸಾವಿರ ಬೀಡಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಕ್ಕರೆ ಅವಳೇ ಮಗಳನ್ನು ಬಸ್ಸು ಹತ್ತಿಸಿಯಾಳು. ನಿಮ್ಮ ಓಣಿಯಲ್ಲಿ ಎಂಟನೆಯದು ಮುಗಿಸಿ ಮನೆಯಲ್ಲೇ ಕುಳಿತ ಹುಡುಗಿ ಇದ್ದಾಳೆಯೇ? ಈ ವಾರ ಅವರ ಮನೆಗೊಮ್ಮೆ ಹೋಗಿ, ಅವಳ ತಾಯಿಯೊಡನೆ ಕುಳಿತು ಮಾತಾಡಿ ಬನ್ನಿ.