ಖಾಲಿ ಪೀಠ ಮತ್ತು ತೊಗರಿ ಹೊಲ

2018ರ ಫೆಬ್ರವರಿಯಲ್ಲಿ, ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿರುವಾಗ, ಕರ್ನಾಟಕ ಹೈಕೋರ್ಟಿನ 62 ನ್ಯಾಯಮೂರ್ತಿ ಸ್ಥಾನಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಲಿಯಿದ್ದವು. ಬೆಂಗಳೂರಿನಲ್ಲಿ ವಕೀಲರು ಉಪವಾಸ ಕುಳಿತರು. ಕೊಲಿಜಿಯಂ ಸೂಚಿಸಿದ ಹೆಸರನ್ನು ಕೇಂದ್ರ ಸರ್ಕಾರ ತಡೆದುದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚೆಲಮೇಶ್ವರ್ ಮಾರ್ಚ್ ತಿಂಗಳ ಪತ್ರದಲ್ಲಿ ಪ್ರಶ್ನಿಸಿದರು.

ಪಕ್ಷಗಳಿಗೆ ಇದು ಅಧಿಕಾರದ ಜಗಳ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ತೊಗರಿ ಬೆಳೆಗಾರನಿಗೆ ಹೊಲದ ಪ್ರಶ್ನೆ. ಆ ಸೀಮೆಯ ಕಪ್ಪುಮಣ್ಣಿನಡಿ ಸುಣ್ಣಕಲ್ಲಿದೆ, ಅದರ ಬೆನ್ನಿಗೇ ಸಿಮೆಂಟ್ ಕಾರ್ಖಾನೆ. ಭೂಸ್ವಾಧೀನದ ತಕರಾರು ಹೈಕೋರ್ಟಿಗೇರಿದರೆ ಕಲಬುರಗಿ ಪೀಠವೇ ಗತಿ. 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದ ಆ ಪೀಠಕ್ಕೂ ನ್ಯಾಯಮೂರ್ತಿಗಳು ಅದೇ 62ರ ಲೆಕ್ಕದಿಂದಲೇ ಬರಬೇಕು. ಬೆಟ್ಟದೂರುಗಳ ಕಾಡಿನ ಮೊಕದ್ದಮೆಗಳಿಗೂ ಪಾಲು ಅಲ್ಲಿಂದಲೇ.

ನೇಮಕದ ಕಡತ ದೆಹಲಿಯಲ್ಲಿ ಕಾದೀತು. ಗಣಿಗೆಂದು ಕೆರೆದ ಮೇಲ್ಮಣ್ಣು ಕಾಯುವುದಿಲ್ಲ. ತೀರ್ಪು ರೈತನ ಪರ ಬಂದ ದಿನ ಅಲ್ಲಿ ಉಳಿದಿರುವುದು ಹೊಂಡ.