ಚೀಟಿಯ ದಾರಿ

ಆಸ್ಪತ್ರೆಗೆ ಹೊರಡುವ ಮುನ್ನ ಸಂಡೂರಿನ ನನ್ನ ಸೋದರತ್ತೆ ಜವಳಿ ಅಂಗಡಿಯ ಚೀಲವೊಂದನ್ನು ಹುಡುಕುತ್ತಾರೆ. ಅವರ ಸಕ್ಕರೆ ಕಾಯಿಲೆಯ ಚರಿತ್ರೆಯೆಲ್ಲ ಅದರೊಳಗಿದೆ: ಮಡಚಿ ಹರಿದ ಚೀಟಿಗಳು, ಮಸುಕಾದ ಇಸಿಜಿ, ಎರಡು ಕಡೆ ಮಾಡಿಸಿದ ಒಂದೇ ರಕ್ತಪರೀಕ್ಷೆ. ಒಮ್ಮೆ ಊರಿನ ವೈದ್ಯರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಗುಳಿಗೆ ಬದಲಾಯಿತು. ಊರಿಗೆ ಬಂದ ಮೇಲೆ ಮತ್ತೆ ಹಳೆಯದೇ ಸಿಕ್ಕಿತು, ಬದಲಾದ ಸಂಗತಿಯನ್ನು ಇಲ್ಲಿಗೆ ಯಾರೂ ತಿಳಿಸಿರಲಿಲ್ಲ. ಎರಡೂ ಕಡೆ ವೈದ್ಯರು ತಮ್ಮ ಪಾಲಿನ ಕೆಲಸ ಮಾಡಿದ್ದರು. ತಪ್ಪಿದ್ದು ನಡುದಾರಿಯಲ್ಲಿ.

ಆ ನಡುದಾರಿಯನ್ನು ಅಳೆಯುವವರು ಯಾರು? ಹೊರರೋಗಿಗಳೆಷ್ಟು, ಹೆರಿಗೆಗಳೆಷ್ಟು ಎಂದು ಪ್ರತಿ ಸರ್ಕಾರಿ ಆಸ್ಪತ್ರೆಯೂ ತಿಂಗಳ ವರದಿ ಕಳಿಸುತ್ತದೆ. ಒಂದು ಬಾಗಿಲಿನಿಂದ ಹೊರಟ ರೋಗಿ ಇನ್ನೊಂದನ್ನು ತಲುಪಿದನೇ ಎಂಬುದು ಆ ಲೆಕ್ಕಗಳಲ್ಲಿ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಇದು ಇನ್ನೂ ತೊಡಕಿನದು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈ ಎರಡೂ ಊರುಗಳಿಗೆ ಹೊಸಪೇಟೆ ಸುಮಾರು 30 ಕಿ.ಮೀ., ಬಳ್ಳಾರಿ 50ರ ಆಸುಪಾಸು. ಎದೆನೋವು ಬಂದವರು ಗಡಿ ನೋಡುವುದಿಲ್ಲ, ಹತ್ತಿರದ ಊರಿಗೆ ಓಡುತ್ತಾರೆ. ಮರಳಿ ಬಂದವರನ್ನು ವಿಚಾರಿಸಬೇಕಾದ ಆರೋಗ್ಯ ಕೇಂದ್ರ ಮಾತ್ರ ಇನ್ನೊಂದು ಜಿಲ್ಲೆಗೆ ವರದಿ ಒಪ್ಪಿಸುತ್ತದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ಹೊಳೆ ದಾಟಿ ಕೊಪ್ಪಳ ಜಿಲ್ಲೆಯ ವೈದ್ಯರಲ್ಲಿಗೆ ಹೋಗುತ್ತಿದ್ದವರ ಚಿಕಿತ್ಸೆಯೂ ತುಂಡಾಗುತ್ತದೆ.

ಚಿಕಿತ್ಸೆಯ ಗುಣಮಟ್ಟ ತಿಳಿಯಬೇಕಾದರೆ ಸೌಕರ್ಯ, ನಡೆಯುವ ಕ್ರಮ, ಫಲ ಈ ಮೂರನ್ನೂ ನೋಡಬೇಕೆಂದು ವೈದ್ಯ ಸಂಶೋಧಕ ಅವೆಡಿಸ್ ಡೊನಬೇಡಿಯನ್ 1966ರಲ್ಲೇ ಬರೆದರು. ನಾವು ಸೌಕರ್ಯದ ಎಣಿಕೆಯಲ್ಲೇ ನಿಂತಿದ್ದೇವೆ. 14 ಅಂಕಿಯ ಆರೋಗ್ಯ ಖಾತೆ (ಆಭಾ) ಎಷ್ಟು ಜನಕ್ಕೆ ಸಿಕ್ಕಿತೆಂದು ಲೆಕ್ಕ ಹಾಕುತ್ತೇವೆ. ಆ ಖಾತೆ ತೆರೆದು ಊರಿನ ವೈದ್ಯರು ಬಿಡುಗಡೆ ಪತ್ರ ಓದಿದರೇ ಎಂಬುದು ನನ್ನ ಪ್ರಶ್ನೆ.

ಆಗದ ಮಾತು ಎನ್ನುವವರು ಕ್ಷಯರೋಗದ ಕಡೆ ನೋಡಲಿ. 2012ರಲ್ಲಿ ಬಂದ ನಿಕ್ಷಯ್ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆಯಲ್ಲಿ, ಗುಳೆ ಹೋದ ರೋಗಿಯ ದಾಖಲೆಯನ್ನು ಅವನು ಸೇರಿದ ಊರಿಗೆ ವರ್ಗಾಯಿಸಬಹುದು. ಕ್ಷಯಕ್ಕೆ ಸಾಧ್ಯವಾದದ್ದು ಸಕ್ಕರೆ ಕಾಯಿಲೆಗೆ, ಬಿಪಿಗೆ, ಬಾಣಂತಿಗೆ ಯಾಕಾಗಬಾರದು?

ಈ ನಡುದಾರಿಯನ್ನು ಅಳೆಯಲು ಆಶಾ ಕಾರ್ಯಕರ್ತೆಯರಿಗೆ ಮತ್ತೊಂದು ರಿಜಿಸ್ಟರ್ ಹೊರಿಸಬಾರದು, ಅವರ ಕೈ ಈಗಾಗಲೇ ತುಂಬಿದೆ. ಪ್ರತಿ ತಾಲ್ಲೂಕಿನಲ್ಲಿ ತಿಂಗಳಿಗೆ ಇಪ್ಪತ್ತು ಚೀಟಿಗಳ ಜಾಡು ಹಿಡಿದರೆ ಸಾಕು. ಬರೆದುಕೊಟ್ಟ ಕಡೆಗೆ ಎಷ್ಟು ದಿನಕ್ಕೆ ಮುಟ್ಟಿದರು, ಅದೇ ಪರೀಕ್ಷೆ ಮತ್ತೆ ಮಾಡಿಸಿದರೇ, ಪತ್ರ ಊರಿಗೆ ಮರಳಿತೇ, ಇವತ್ತು ನುಂಗುತ್ತಿರುವ ಗುಳಿಗೆ ಕೊನೆಗೆ ಬರೆದದ್ದೇ? ಇದನ್ನು ರಿಜಿಸ್ಟರಿನಲ್ಲಿ ಹುಡುಕದೆ ರೋಗಿಯ ಮನೆಯಲ್ಲೇ ಕೂತು ಕೇಳಬೇಕು. ಕಾಗದದಲ್ಲಿ ಗುರಿ ತಲುಪುವುದು ಸುಲಭ. ಚೀಲ ಬಿಚ್ಚಿ ನೋಡಿದರೆ ನಿಜ ಗೊತ್ತಾಗುತ್ತದೆ.

ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಇದನ್ನು ಕೂಡಿಯೇ ಮಾಡಬೇಕು. ಸಂಡೂರು, ಕಂಪ್ಲಿಗಳಿಂದ ಹೊಸಪೇಟೆಗೆ ಹೋಗಿಬಂದ ಇಪ್ಪತ್ತು ಜನರಿಂದ ಮುಂದಿನ ತಿಂಗಳೇ ಶುರುಮಾಡಲಿ.